ಅಂಕೋಲೆಯ ಕರನಿರಾಕರಣೆಯೂ ಗ್ರಾಮಾಧಿಕಾರಿಗಳ ರಾಜೀನಾಮೆಯೂ

ಸರಕಾರಿ ನೌಕರನು ರಾಜಕೀಯ ಚಳವಳಿಯಲ್ಲಿ ಸೇರತಕ್ಕದ್ದಲ್ಲ, ಅದಕ್ಕೆ ವಂತಿಗೆಯನ್ನೂ ಕೊಡತಕ್ಕದ್ದಲ್ಲ ಎಂಬ ಬ್ರಿಟಿಷ್ ಕಾಲದ ನಿಯಮವನ್ನು ವಿಚಾರಿಸುವಾಗ ನಮ್ಮ ಕಣ್ಣಮುಂದೆ ನಿಲ್ಲುವವನು ಸಾಮಾನ್ಯವಾಗಿ ಕಚೇರಿಯ ಗುಮಾಸ್ತನು ಅಥವಾ ಮಾಮಲೇದಾರನು. ಆದರೆ ಸರಕಾರದ ಸೇವೆಗೂ ರಾಜಕೀಯಕ್ಕೂ ನಡುವೆ ಗೆರೆ ಎಳೆಯುವುದು ಎಷ್ಟು ಕಠಿಣವೆಂಬುದನ್ನು ತಿಳಿಯಬೇಕಾದರೆ ಹಳ್ಳಿಯ ಪಟೇಲನ ಚಾವಡಿಗೆ ಹೋಗಬೇಕು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಕಾರವಾರದ ಕಲೆಕ್ಟರನ ಆಜ್ಞೆ ಊರಿಗೆ ಮುಟ್ಟುತ್ತಿದ್ದುದು ಪಟೇಲ–ಶಾನುಭೋಗರ ಮೂಲಕವೇ. ಕಂದಾಯದ ವಸೂಲಿ ಅವರ ಹೊಣೆ. ಪಟೇಲನ ಗದ್ದೆ, ನೆಂಟಸ್ತಿಕೆ, ದೇವಸ್ಥಾನದ ಮರ್ಯಾದೆಗಳೆಲ್ಲವೂ ಅದೇ ಊರಿನೊಳಗೆ.

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯ ಭಂಗವಾಯಿತು. ಅಂದು ಪಟೇಲನಾದವನು ಮನೆಯಲ್ಲಿ ಕುಳಿತೇ ನಿಯಮವನ್ನು ಪಾಲಿಸಬಹುದಾಗಿತ್ತು. ಕರನಿರಾಕರಣೆ ಪ್ರಾರಂಭವಾದ ಮೇಲೆ ಈ ಅನುಕೂಲವು ಉಳಿಯಲಿಲ್ಲ. ಕಂದಾಯ ಕೇಳಿದರೆ ಊರಿನ ವೈರಿ, ಕೇಳದಿದ್ದರೆ ಸರಕಾರದ ವೈರಿ. ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಪಟೇಲರು ರಾಜೀನಾಮೆ ಕೊಟ್ಟರು. ಚಳವಳಿಯ ಕಥನಗಳಲ್ಲಿ ಈ ಸಂಗತಿಯು ಒಂದು ವಾಕ್ಯದಲ್ಲಿ ಮುಗಿದುಹೋಗುವುದುಂಟು. ಅದು ಸಾಲದೆಂದು ನನ್ನ ಅಭಿಪ್ರಾಯ.

ಏಕೆಂದರೆ 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದವನ್ನು ಸಾವಧಾನವಾಗಿ ಓದಿದರೆ ಒಂದು ವೈಚಿತ್ರ್ಯವು ಗೋಚರಿಸುತ್ತದೆ. ಹಿಂಸೆಯ ಆರೋಪವಿಲ್ಲದ ಸತ್ಯಾಗ್ರಹಿ ಕೈದಿಗಳಿಗೆ ಬಿಡುಗಡೆಯಾಯಿತು. ರಾಜೀನಾಮೆಯಿತ್ತವರ ವಿಷಯದಲ್ಲಿ ಮಾತ್ರ ಮಾತು ಬೇರೆ. ತೆರವಾದ ಸ್ಥಾನವನ್ನು ಕಾಯಂ ಆಗಿ ತುಂಬಿದ್ದರೆ ಹಳಬನನ್ನು ತಿರುಗಿ ತೆಗೆದುಕೊಳ್ಳುವಂತಿಲ್ಲ. ಉಳಿದವರು ಅರ್ಜಿ ಕೊಡಬೇಕು, ಪ್ರಾಂತ ಸರಕಾರಗಳು ಒಂದೊಂದನ್ನೂ ವಿಚಾರಿಸಿ ಉದಾರವಾಗಿ ನಡೆದುಕೊಳ್ಳಬೇಕು. ಹೀಗೆ ಕಾಯಿದೆ ಮುರಿದವನಿಗೆ ಸೆರೆಯಿಂದ ಮುಕ್ತಿ ದೊರೆಯಿತು. ನಿಯಮವನ್ನು ಮುರಿಯಬಾರದೆಂದೇ ಅಧಿಕಾರವನ್ನು ಬಿಟ್ಟುಕೊಟ್ಟವನು ಅರ್ಜಿದಾರನಾಗಿ ಉಳಿದನು. ಹುದ್ದೆಯು ತಲೆಮಾರುಗಳಿಂದ ನಡೆದುಬಂದ ಮನೆತನಕ್ಕೆ ಇದು ಎಷ್ಟು ದೊಡ್ಡ ನಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ಜಪ್ತಿಯಾಗಿ ಅನ್ಯರಿಗೆ ಮಾರಾಟವಾದ ಭೂಮಿಯನ್ನು ಕುರಿತೂ ಒಪ್ಪಂದವು ಸರಕಾರದ ಮಟ್ಟಿಗೆ ವ್ಯವಹಾರ ಮುಗಿದುದೆಂದೇ ಹೇಳಿತ್ತು. 1932ರಲ್ಲಿ ಚಳವಳಿಯು ಮತ್ತೆ ಮೊದಲಾಗಿ ಜಪ್ತಿಗಳು ಹೆಚ್ಚಿದವು. ಆದರೆ 1937ರಲ್ಲಿ ಅಧಿಕಾರಕ್ಕೆ ಬಂದ ಬಿ. ಜಿ. ಖೇರರ ಮಂತ್ರಿಮಂಡಲವು ಮರುವರ್ಷವೇ ಕಾಯಿದೆ ಮಾಡಿ ಭೂಮಿಯನ್ನು ಮೊದಲಿನ ಒಡೆಯರಿಗೆ ಮರಳಿಸುವ ದಾರಿಯನ್ನು ತೆರೆಯಿತು. ಮುಗಿದುದೆಂದು ಸಾರಿದ ವ್ಯವಹಾರವೂ ರಾಜ್ಯದ ಮನಸ್ಸು ಬದಲಾದರೆ ಮುಗಿದುದಲ್ಲ!

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದುಗೊಳಿಸುವ 1961ರ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಚಾವಡಿಯ ಪಟೇಲ–ಶಾನುಭೋಗರ ಸ್ಥಾನಕ್ಕೆ ಬಂದ ಗ್ರಾಮಲೆಕ್ಕಿಗನು ಸಂಬಳ ಪಡೆಯುವ, ವರ್ಗವಾಗಿ ಹೋಗುವ ನೌಕರನು. 1966ರ ನಡತೆ ನಿಯಮಗಳಾಗಲಿ, ಅವುಗಳ ಬದಲಿಗೆ ಬಂದ 2021ರ ನಿಯಮಗಳಾಗಲಿ ಅವನಿಗೆ ರಾಜಕೀಯ ಪಕ್ಷದ ಸದಸ್ಯತ್ವವನ್ನು ನಿಷೇಧಿಸುತ್ತವೆ, ಮತದಾನದ ಹಕ್ಕನ್ನಲ್ಲ.