ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯ: ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಸ್ನಾತಕೋತ್ತರ ಅಧ್ಯಯನ

ಅಪರಾಧ ಯಾಕೆ ನಡೆಯುತ್ತದೆ, ನಡೆದ ಮೇಲೆ ಪೊಲೀಸ್ ಠಾಣೆ, ನ್ಯಾಯಾಲಯ, ಕಾರಾಗೃಹಗಳು ಹೇಗೆ ನಡೆದುಕೊಳ್ಳುತ್ತವೆ, ನೊಂದವರಿಗೆ ಕೊನೆಗೆ ದಕ್ಕುವುದೇನು ಎಂಬುದನ್ನು ಶಾಸ್ತ್ರೀಯವಾಗಿ ಕಲಿಸುವ ಉನ್ನತ ಅಧ್ಯಯನ ಇದು. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಮೊದಲು ನೆಲೆ ಕೊಟ್ಟವುಗಳಲ್ಲಿ ಸಾಗರ ವಿಶ್ವವಿದ್ಯಾಲಯ (1959) ಮುಖ್ಯವಾದುದು. ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಹಳೆಯದು. ಕುಂದಾಪುರ ಕಡೆಯ ವಿದ್ಯಾರ್ಥಿಗಳಿಗೆ ಹತ್ತಿರದ್ದು ಮಂಗಳೂರು. ಅಲ್ಲಿ 1960ರಲ್ಲಿ ಆರಂಭವಾದ ರೋಶನಿ ನಿಲಯದಲ್ಲಿ ಸಮಾಜಕಾರ್ಯದ ಜೊತೆಗೆ ಈ ವಿಷಯದ ಬೋಧನೆಯೂ ಬೆಳೆದಿದೆ.

ಓದುವ ಊರು ದೂರವಿದ್ದರೂ ಅಭ್ಯಾಸದ ನೆಲ ಈ ಮೂರು ತಾಲ್ಲೂಕುಗಳಲ್ಲೇ ಇದೆ. 1979ರಲ್ಲಿ ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಮಂಡಿಸಿದ ಸಿದ್ಧಾಂತವನ್ನೇ ನೋಡಿ. ಅಪರಾಧಕ್ಕೆ ಮನಸ್ಸು ಮಾಡಿದವನು, ಕೈಗೆಟುಕುವ ಗುರಿ, ಕಾಯುವವರ ಗೈರು, ಈ ಮೂರೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂಡಿದಾಗ ಅಪರಾಧ ಘಟಿಸುತ್ತದೆ ಎಂಬುದು ಅದರ ತಿರುಳು. ಮಕ್ಕಳು ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳಲ್ಲಿ ನೆಲೆಸಿ, ಊರ ಮನೆಗೆ ಬೀಗ ಬಿದ್ದಿರುವ ಅಥವಾ ವಯಸ್ಸಾದವರಷ್ಟೇ ಉಳಿದಿರುವ ಈ ಸೀಮೆಯಲ್ಲಿ ಮೂರನೆಯ ಅಂಶಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. ದೊಡ್ಡ ಮನೆಗೆ ಕಳ್ಳ ನುಗ್ಗುವುದೂ, ‘ಡಿಜಿಟಲ್ ಅರೆಸ್ಟ್’ ಎಂದು ಫೋನಿನಲ್ಲಿ ಹೆದರಿಸಿ ನಿವೃತ್ತರ ಉಳಿತಾಯ ದೋಚುವುದೂ ಕಾಯುವವರಿಲ್ಲದ ಜಾಗದಲ್ಲೇ ಸುಲಭ. ವಲಸೆಯ ಅಧ್ಯಯನ ಇಲ್ಲಿ ಅಪರಾಧಶಾಸ್ತ್ರದ ಅಧ್ಯಯನವೂ ಹೌದು.

ಕೋಳಿ ಅಂಕ ಇನ್ನೊಂದು ಬಗೆಯ ಪ್ರಶ್ನೆ ಎತ್ತುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದನ್ನು ಒಪ್ಪುವುದಿಲ್ಲ; 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜುಗಾರಿಯನ್ನು ಒಪ್ಪುವುದಿಲ್ಲ. ಆದರೂ ಅದನ್ನು ದೈವದ ನೇಮದ, ಜಾತ್ರೆಯ ಭಾಗವೆಂದೇ ತಿಳಿದವರು ಊರೂರಲ್ಲಿದ್ದಾರೆ. ಕಾನೂನಿಗೆ ಅಪರಾಧವಾದದ್ದು ಊರ ಕಣ್ಣಿಗೆ ತಪ್ಪಾಗಿ ಕಾಣದಿದ್ದಾಗ ದಾಳಿ ಮಾಡುವ ಪೊಲೀಸರ ಮೇಲೂ ಸಾಕ್ಷಿ ಹೇಳಬೇಕಾದವರ ಮೇಲೂ ಬೀಳುವ ಒತ್ತಡ ಯಾವ ಪಠ್ಯದಲ್ಲೂ ಇಷ್ಟು ಸ್ಪಷ್ಟವಾಗಿ ಸಿಗದು.

ಕಡಲು ಬೇರೆಯೇ ಅಧ್ಯಾಯ. 2008ರ ನವೆಂಬರ್ 26ರ ಮುಂಬೈ ದಾಳಿಯ ನಂತರ ಕರಾವಳಿ ಕಾವಲು ಪೊಲೀಸ್ ಪಡೆಗೆ ಬಲ ಬಂತು. ಅದರ ಕೇಂದ್ರ ಮಲ್ಪೆಯಲ್ಲಿದೆ, ಗಂಗೊಳ್ಳಿಯಲ್ಲಿ ಠಾಣೆಯಿದೆ. ದೋಣಿಗಳ ನಡುವಿನ ತಕರಾರು, ನಿಷೇಧಿತ ಬುಲ್ ಟ್ರಾಲಿಂಗ್ ಮತ್ತು ಬೆಳಕು ಮೀನುಗಾರಿಕೆ, ನದಿಗಳ ಅಕ್ರಮ ಮರಳು ಸಾಗಣೆ ಇವೆಲ್ಲ ಪರಿಸರ ಅಪರಾಧಗಳ ಅಧ್ಯಯನಕ್ಕೆ ನೇರ ವಸ್ತುಗಳು.

ಈ ಸೀಮೆಯ ಸಂಶೋಧಕರು ಬೇರೆಯವರಿಗಿಂತ ಮುಂದಿರಬಲ್ಲ ಕ್ಷೇತ್ರ ಸಾಕ್ಷಿಗಳ ಹೇಳಿಕೆಗಳದ್ದು. ಪೊಲೀಸರು ತನಿಖೆಯಲ್ಲಿ ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಕುಂದಾಪ್ರ ಕನ್ನಡದಲ್ಲಿ, ಬ್ರಹ್ಮಾವರದ ತುಳುವಿನಲ್ಲಿ, ಗಂಗೊಳ್ಳಿಯ ಖಾರ್ವಿಗಳ ಕೊಂಕಣಿಯಲ್ಲಿ, ಶಿರೂರಿನ ನವಾಯತಿಯಲ್ಲಿ ಹೇಳಿದ್ದು ಕಡತದಲ್ಲಿ ಠಾಣೆಯ ಬರಹದ ಕನ್ನಡವಾಗುತ್ತದೆ. ಹೇಳಿದವರ ಹಿಂಜರಿಕೆ, ಖಚಿತವಿಲ್ಲದ ಮಾತು, ಸಂಬಂಧ ಸೂಚಿಸುವ ದನಿ ಅಲ್ಲಿ ಉಳಿಯುತ್ತವೆಯೆ? ಪಾಟೀಸವಾಲಿನ ಹೊತ್ತಿಗೆ ಈ ಅಂತರವೇ ಸಾಕ್ಷಿಯನ್ನು ಸುಳ್ಳುಗಾರನನ್ನಾಗಿ ತೋರಿಸಬಲ್ಲದು. ಈ ನುಡಿಗಳಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗಳು ಎತ್ತಿಕೊಳ್ಳಲೇಬೇಕಾದ ಪ್ರಬಂಧ ವಿಷಯವಿದು.

2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಗಳು ಪಠ್ಯಕ್ರಮವನ್ನೇ ಬದಲಿಸುವಂತೆ ಮಾಡಿವೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಪ್ರಾದೇಶಿಕ ಪ್ರಯೋಗಾಲಯ ಮಂಗಳೂರಿನಲ್ಲಿದೆ. ಮುಂಗಾರಿನಲ್ಲಿ ಕೊಲ್ಲೂರು ಅಥವಾ ಅಮಾಸೆಬೈಲಿನ ಕಾಡಂಚಿನಲ್ಲಿ ಕೃತ್ಯ ನಡೆದರೆ, ತಜ್ಞರು ಘಟ್ಟದ ಬುಡಕ್ಕೆ ತಲುಪುವ ಮೊದಲೇ ಮಳೆ ಹೆಜ್ಜೆಗುರುತುಗಳನ್ನೂ ರಕ್ತದ ಕಲೆಗಳನ್ನೂ ತೊಳೆದಿರುತ್ತದೆ.

ಉದ್ಯೋಗದ ವಿಚಾರದಲ್ಲಿ ಸೇರುವ ಮುನ್ನ ತಿಳಿಯಬೇಕಾದುದಿದೆ. ಈ ಪದವಿಯಿಂದ ವಕೀಲರಾಗುವಂತಿಲ್ಲ. ಸಹಾಯಕ ಸರ್ಕಾರಿ ಅಭಿಯೋಜಕರಾಗಲು ಕಾನೂನು ಪದವಿ ಬೇಕೇ ಬೇಕು. ಅಂಥವರಿಗೆ ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ಹತ್ತಿರದ್ದು. ಪ್ರಯೋಗಾಲಯದ ಕೆಲಸಕ್ಕೆ ರಸಾಯನ, ಜೀವ ಅಥವಾ ಭೌತ ವಿಜ್ಞಾನದ ಅಡಿಪಾಯವಿಲ್ಲದಿದ್ದರೆ ಬಾಗಿಲು ತೆರೆಯುವುದು ಕಷ್ಟ. ಸಮಾಜ ವಿಜ್ಞಾನದಿಂದ ಬಂದವರಿಗೆ ಮಕ್ಕಳ ರಕ್ಷಣೆ, ಪರಿವೀಕ್ಷಣೆ, ನೊಂದವರ ನೆರವು, ಸೈಬರ್ ಜಾಗೃತಿಯ ಕೆಲಸಗಳಿವೆ. ಬೋಧನೆಗೆ ಹೋಗುವವರಿಗೆ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರವೂ ವಿಧಿವಿಜ್ಞಾನವೂ ಬೇರೆ ಬೇರೆ ವಿಷಯಗಳಾಗಿವೆ. ಊರು ಬಿಡಲಾಗದವರು ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಅಪರಾಧ ನ್ಯಾಯದ ಸ್ನಾತಕೋತ್ತರ ಡಿಪ್ಲೊಮಾ ಓದಬಹುದು, ಆದರೆ ಅದು ಪೂರ್ಣ ಸ್ನಾತಕೋತ್ತರ ಪದವಿಗೆ ಸಮವಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಟವರು ಹಿರಿಯಡಕದ ಜಿಲ್ಲಾ ಕಾರಾಗೃಹದಲ್ಲಿ ಬಂದಿಗಳನ್ನು ಮಾತಾಡಿಸಲು ಇಲಾಖೆಯ ಅನುಮತಿ ಪಡೆಯಬೇಕು. ಅತ್ಯಾಚಾರಕ್ಕೊಳಗಾದವರ ಗುರುತನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು, ಮಕ್ಕಳ ಗುರುತನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಮು ಕಾಪಾಡುತ್ತವೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರುಗಳಲ್ಲಿ ಹೆಸರು ಬಿಟ್ಟರಷ್ಟೇ ಸಾಲದು. ಮನೆತನ, ಕೇರಿ, ದೋಣಿಯ ಹೆಸರು, ನೇಮದ ದಿನ ಕೂಡ ಪ್ರಬಂಧದಿಂದ ಹೊರಗುಳಿಯಬೇಕಾಗುತ್ತದೆ.