ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ ತುಂತುರು ಹನಿಗಳ ಸೋಂಕುತಡೆ

ಕಿವಿಯ ಹಿಂದಿರುವ ಮಾಸ್ಟಾಯ್ಡ್ ಮೂಳೆಯನ್ನು ಕೊರೆಯುವಾಗ ರಕ್ತ, ಲೋಳೆ, ಮೂಳೆಪುಡಿ ಬೆರೆತ ನೀರು ಸಣ್ಣ ಸಣ್ಣ ಹನಿಗಳಾಗಿ ಗಾಳಿಗೆ ಚಿಮ್ಮುತ್ತದೆ. ಆ ಹನಿಗಳಿಂದ ರೋಗಿಯ ಸೋಂಕು ವೈದ್ಯರಿಗೆ, ಶುಶ್ರೂಷಕಿಯರಿಗೆ, ಅರಿವಳಿಕೆ ತಜ್ಞರಿಗೆ ತಗಲದಂತೆ ಕಾಲಕಾಲಕ್ಕೆ ರೂಢಿಗೆ ಬಂದ ಕ್ರಮಗಳು ಈ ಲೇಖನದ ವಿಷಯ. 2020ರ ಕೋವಿಡ್ ಹಾವಳಿಯಲ್ಲಿ ಈ ಮಾತು ದೊಡ್ಡದಾಗಿ ಕೇಳಿಬಂತು. ಆದರೆ ಡ್ರಿಲ್ ಕಿವಿಯ ಮೂಳೆಯನ್ನು ಮುಟ್ಟಿದ ದಿನಗಳಿಂದಲೂ ಅಪಾಯ ಇದ್ದೇ ಇತ್ತು.

18ನೇ ಶತಮಾನದಲ್ಲಿ ಪ್ಯಾರಿಸ್ಸಿನ ಝಾನ್ ಲೂಯಿ ಪೆಟಿ ಮಾಸ್ಟಾಯ್ಡ್ ಮೂಳೆಯನ್ನು ತೆರೆದು ಕೀವು ಹೊರತೆಗೆದಿದ್ದ. 1791ರಲ್ಲಿ ಡೆನ್ಮಾರ್ಕಿನ ಆಸ್ಥಾನ ವೈದ್ಯ ಬರ್ಗರ್ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸತ್ತ ಮೇಲೆ ವೈದ್ಯರು ಬಹುಕಾಲ ಅದರ ಗೊಡವೆಗೆ ಹೋಗಲಿಲ್ಲ. 1873ರಲ್ಲಿ ಜರ್ಮನಿಯ ಹಾಲೆ ನಗರದ ಹರ್ಮನ್ ಶ್ವಾರ್ಟ್ಸ ಅದನ್ನು ಕ್ರಮಬದ್ಧಗೊಳಿಸಿದ. ಆಗಿನ ಸಲಕರಣೆ ಉಳಿ ಮತ್ತು ಸುತ್ತಿಗೆ. ಉಳಿಯ ಏಟಿಗೆ ಮೂಳೆ ಚಕ್ಕೆಯಾಗಿ ಏಳುತ್ತಿತ್ತೇ ಹೊರತು ಮಂಜಿನಂತೆ ಹರಡುತ್ತಿರಲಿಲ್ಲ. ಆಂಟಿಬಯೋಟಿಕ್ ಇಲ್ಲದ ಆ ಕಾಲದಲ್ಲಿ ಕೀವು ಮಿದುಳಿಗೆ ಏರಿ ರೋಗಿ ಸಾಯುವ ಭಯವೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ವೈದ್ಯನ ಸುರಕ್ಷತೆಯ ಯೋಚನೆ ಯಾರಿಗೂ ಬರಲಿಲ್ಲ.

ಮಾತಾಡುವಾಗ ಬಾಯಿಂದ ಸಿಡಿಯುವ ಹನಿಗಳಲ್ಲಿ ರೋಗಾಣುಗಳಿರುತ್ತವೆ ಎಂದು ಬ್ರೆಸ್ಲಾವ್‌ನ ಕಾರ್ಲ್ ಫ್ಲ್ಯೂಗೆ ತೋರಿಸಿದ. ಅದೇ ಊರಿನ ಶಸ್ತ್ರವೈದ್ಯ ಯೋಹಾನ್ ಮಿಕುಲಿಚ್ 1897ರಲ್ಲಿ ಬಾಯಿಗೆ ತೆಳು ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಗೆ ನಿಂತ. ಆ ಮಾಸ್ಕ್ ರೋಗಿಯ ಗಾಯವನ್ನು ಕಾಯಲೆಂದು ಬಂದದ್ದು. ಸೋಂಕು ವೈದ್ಯನಿಂದ ರೋಗಿಗೆ ಹೋಗುತ್ತದೆ ಎಂಬ ಈ ಒಮ್ಮುಖ ತಿಳಿವಳಿಕೆ ದಶಕಗಟ್ಟಲೆ ಉಳಿಯಿತು.

ಅಷ್ಟರಲ್ಲಿ ಸಲಕರಣೆಗಳು ಬದಲಾದವು. 1921ರಲ್ಲಿ ಸ್ಟಾಕ್‌ಹೋಮ್‌ನ ಕಾರ್ಲ್ ನೀಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕವನ್ನು ತಂದ. ನ್ಯೂಯಾರ್ಕಿನ ಜೂಲಿಯಸ್ ಲೆಂಪರ್ಟ್ 1930ರ ದಶಕದಲ್ಲಿ ದಂತವೈದ್ಯರ ಡ್ರಿಲ್ಲನ್ನು ಕೈಗೆತ್ತಿಕೊಂಡ. 1953ರಲ್ಲಿ ಝೈಸ್ ಕಂಪನಿಯ ಸೂಕ್ಷ್ಮದರ್ಶಕ ಮಾರುಕಟ್ಟೆಗೆ ಬಂತು. ಮುಂದೆ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್, ನೀರು ಬಿಡುತ್ತಲೇ ಹೀರಿಕೊಳ್ಳುವ ಸಕ್ಷನ್ ಕೊಳವೆಯೊಂದಿಗೆ ಡ್ರಿಲ್ ಹಿಡಿಯುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಪ್ರಮುಖ. ಬರ್ ಎಂಬ ಗುಂಡು ಮೊನೆ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಮೂಳೆ ಕಾದರೆ ಒಳಗಿರುವ ಮುಖದ ನರ ಸುಟ್ಟೀತು, ಹಾಗಾಗಿ ನೀರು ನಿಲ್ಲಿಸುವಂತಿಲ್ಲ. ನೀರು ಬಿದ್ದಲ್ಲೆಲ್ಲ ಬರ್ ಅದನ್ನು ಎರಚುತ್ತದೆ. ಕೊರೆತ ಮುಗಿಯುವ ಹೊತ್ತಿಗೆ ಸೂಕ್ಷ್ಮದರ್ಶಕದ ಮಸೂರದ ಮೇಲೆ ಬಿಳಿ, ಕೆಂಪು ಚುಕ್ಕೆಗಳು ಕೂತಿರುತ್ತವೆ. ವೈದ್ಯನ ಕಣ್ಣಿಗೆ ಆ ಮಸೂರವಾದರೂ ಅಡ್ಡವಿದೆ. ಪಕ್ಕದಲ್ಲಿ ಸಲಕರಣೆ ಕೊಡುತ್ತ ನಿಂತ ಶುಶ್ರೂಷಕಿಗೆ ಅದೂ ಇಲ್ಲ.

1980ರ ದಶಕದಲ್ಲಿ ಎಚ್‌ಐವಿ ಕಾಣಿಸಿಕೊಂಡ ಮೇಲೆ ಭಯದ ದಿಕ್ಕು ತಿರುಗಿತು. ರೋಗಿಯ ರಕ್ತದ ಹನಿ ಕಣ್ಣಿಗೆ ಬಿದ್ದರೆ ಗತಿಯೇನು ಎಂಬ ಪ್ರಶ್ನೆ ಎದ್ದು, ಮಾಸ್ಟಾಯ್ಡ್ ಕೊರೆಯುವಾಗ ರಕ್ಷಣಾ ಕನ್ನಡಕ ಬೇಕೆಂದು ವೈದ್ಯಪತ್ರಿಕೆಗಳಲ್ಲಿ ಲೇಖನಗಳು ಬಂದವು. 2005ರಲ್ಲಿ ಲ್ಯಾರಿಂಗೋಸ್ಕೋಪ್ ಪತ್ರಿಕೆ, ಈ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಮೂಲಕ ವೈರಸ್ ದಾಟುವ ಸಾಧ್ಯತೆಯ ಬಗ್ಗೆಯೇ ಒಂದು ಅಧ್ಯಯನವನ್ನು ಪ್ರಕಟಿಸಿತು. ಇಷ್ಟಾದರೂ ಕನ್ನಡಕ ಎಲ್ಲೆಡೆ ನಿಯಮವಾಗದೆ ಹೋದದ್ದು ಬೇಸರದ ಸಂಗತಿ. ಕನ್ನಡಕ ಹಾಕಿದರೆ ಕಣ್ಣು ಸೂಕ್ಷ್ಮದರ್ಶಕದಿಂದ ದೂರ ಸರಿದು ನೋಟ ಕಿರಿದಾಗುತ್ತದೆ, ಗಾಜು ಮಬ್ಬಾಗುತ್ತದೆ ಎಂಬುದೂ ನಿಜವಾದ ತೊಡಕೇ.

2020ರಲ್ಲಿ ತುಂತುರಿನ ಪ್ರಶ್ನೆ ತುರ್ತಾಯಿತು. ನಡುಗಿವಿಯು ಯೂಸ್ಟೇಶಿಯನ್ ನಾಳದ ಮೂಲಕ ಮೂಗಿನ ಹಿಂಭಾಗಕ್ಕೆ ಕೂಡಿಕೊಂಡಿದೆ. ಮೂಗಿನ ಲೋಳೆಪೊರೆಯೇ ಕಿವಿಯೊಳಕ್ಕೂ ಮುಂದುವರಿಯುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಕೋವಿಡ್‌ನಿಂದ ಮೃತಪಟ್ಟ 3 ಮಂದಿಯ ಕಿವಿಗಳನ್ನು ಪರೀಕ್ಷಿಸಿದಾಗ ಇಬ್ಬರಲ್ಲಿ ವೈರಸ್ ಸಿಕ್ಕಿತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯವರು ಹೊಳೆಯುವ ಬಣ್ಣ ಬೆರೆಸಿ ಶವದ ಮೂಳೆ ಕೊರೆದು, ಹನಿಗಳು ಎಲ್ಲೆಲ್ಲಿ ಬೀಳುತ್ತವೆಂದು ಗುರುತಿಸಿದರು. ಸೂಕ್ಷ್ಮದರ್ಶಕಕ್ಕೆ ಕಟ್ಟುವ ಓಟೋಟೆಂಟ್ ಎಂಬ ಡೇರೆಯನ್ನೂ ರೂಪಿಸಿದರು. ಬ್ರಿಟನ್ನಿನಲ್ಲಿ ಎರಡು ಸೂಕ್ಷ್ಮದರ್ಶಕ ಹೊದಿಕೆಗಳನ್ನೇ ಜೋಡಿಸಿ ಡೇರೆ ಮಾಡುವ ವಿಧಾನ ಹೊರಬಂತು. ರೋಗಿಯ ತಲೆಯನ್ನೂ ಮಸೂರವನ್ನೂ ಪಾರದರ್ಶಕ ಹೊದಿಕೆಯಿಂದ ಸುತ್ತುವರಿದು, ಅದರೊಳಗೆ ಕೈ ತೂರಿಸಿ ಕೆಲಸ ಮಾಡುವುದು, ಒಳಗಿನ ಗಾಳಿಯನ್ನು ಇನ್ನೊಂದು ಸಕ್ಷನ್‌ನಿಂದ ಎಳೆದುಕೊಳ್ಳುವುದು ಇದರ ತಿರುಳು. ಜತೆಗೆ ಎನ್-95 ಮಾಸ್ಕ್, ಮುಂಚಿತ ಆರ್‌ಟಿ-ಪಿಸಿಆರ್ ಪರೀಕ್ಷೆ, ಡ್ರಿಲ್‌ನ ವೇಗ ತಗ್ಗಿಸುವುದು, ಆದಲ್ಲೆಲ್ಲ ಉಳಿ ಬಳಸುವುದು, ತುರ್ತಲ್ಲದ್ದನ್ನು ಮುಂದೂಡುವುದು ಸೇರಿಕೊಂಡವು. ಮೂಳೆ ಕೊರೆದದ್ದರಿಂದಲೇ ಇಂಥವರಿಗೆ ಕೋವಿಡ್ ಬಂತೆಂದು ಸಾಬೀತುಪಡಿಸುವುದು ಕಷ್ಟ, ಏಕೆಂದರೆ ಅದೇ ಸಿಬ್ಬಂದಿ ವಾರ್ಡಿನಲ್ಲೂ ಮನೆಯಲ್ಲೂ ಸೋಂಕಿಗೆ ಒಡ್ಡಿಕೊಂಡಿದ್ದರು.

ಭಾರತಕ್ಕೆ ಈ ವಿಷಯ ದೂರದ್ದಲ್ಲ. ಕಿವಿ ಸೋರುವ ದೀರ್ಘಕಾಲದ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿ ಭಾರತವನ್ನೂ ಸೇರಿಸಿದೆ. ಹೀಗಾಗಿ ಮಾಸ್ಟಾಯ್ಡ್ ಕೊರೆಯುವುದು ನಮ್ಮ ಆಸ್ಪತ್ರೆಗಳಲ್ಲಿ ನಿತ್ಯದ ಕೆಲಸ. ಸೋರುವ ಕಿವಿಯಲ್ಲಿ ಕೆಲವೊಮ್ಮೆ ಕ್ಷಯವೂ ಅಡಗಿರುತ್ತದೆ. ಕೋವಿಡ್ ಇಳಿಯಿತೆಂದು ಕನ್ನಡಕ, ಡೇರೆಗಳನ್ನು ಕಪಾಟಿಗೆ ಸೇರಿಸುವುದು ತಪ್ಪು. ಶವದ ಮೂಳೆಯ ಮೇಲೆ ಕೊರೆತ ಕಲಿಯುವ ಕಿರಿಯ ವೈದ್ಯರು ಮೊದಲ ದಿನದಿಂದಲೇ ಕನ್ನಡಕ, ಮಾಸ್ಕ್ ಧರಿಸಬೇಕು. ಸಲಕರಣೆ ಕೊಡುವ ಶುಶ್ರೂಷಕಿಗೂ ಅವನ್ನು ತಪ್ಪದೆ ಒದಗಿಸಬೇಕು.