ಪಟ್ಟದ ಕೂಸು, ಪಾಳೆಯದ ಬೇಹುಗಾರ

ಇತಿಹಾಸವೆಂದರೆ ಯುದ್ಧಗಳ ಪಟ್ಟಿಯೆಂದೇ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಯಾವ ವರ್ಷ ಯಾವ ಕೋಟೆ ಬಿತ್ತು, ಯಾರು ಯಾರಿಗೆ ಕಪ್ಪ ಕೊಟ್ಟರು ಎಂಬಷ್ಟಕ್ಕೆ ಪಾಠ ಮುಗಿಯುತ್ತದೆ. ಆದರೆ ಶ್ರೀರಂಗಪಟ್ಟಣದ ಕಥೆಯನ್ನು ತುಸು ತಾಳ್ಮೆಯಿಂದ ಓದಿದಾಗ ನನಗೆ ಬೇರೊಂದು ಸಂಗತಿಯೇ ಎದ್ದು ತೋರುತ್ತದೆ. ಅಲ್ಲಿ ಕೋಟೆಗೋಡೆಗಿಂತ ಮೊದಲು ಬಿರುಕು ಬಿಟ್ಟದ್ದು ಉತ್ತರಾಧಿಕಾರ. ಬೇಹುಗಾರರು ಒಳಹೊಕ್ಕದ್ದು ಆ ಬಿರುಕಿನಿಂದಲೇ.

ಈಗಿನ ಹುಡುಗರು ವಿಡಿಯೋ ಆಟಗಳಲ್ಲಿ ಮಧ್ಯಯುಗದ ದೊರೆಗಳಾಗುತ್ತಾರೆ. ಮಗನಿಗೆ ಪಟ್ಟ ಕಟ್ಟಬೇಕು, ದಾಯಾದಿಯನ್ನು ದೂರವಿಡಬೇಕು, ನೆರೆರಾಜ್ಯದ ಗೂಢಚಾರನನ್ನು ಹಿಡಿಯಬೇಕು. ಸೋತರೆ ಮತ್ತೆ ಮೊದಲಿಂದ ಆಡಬೇಕು. ಆ ಲೆಕ್ಕಾಚಾರ ಸುಳ್ಳಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆ ಅದನ್ನು ಕಣ್ಣಾರೆ ಕಂಡಿದೆ. ಆದರೆ ಇಲ್ಲಿ ಮತ್ತೆ ಮೊದಲಿಂದ ಆಡುವ ಅವಕಾಶ ಯಾರಿಗೂ ಇರಲಿಲ್ಲ.

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ರಾಜ್ಯದುದ್ದಕ್ಕೂ ಅಂಚೆಯನ್ನು ಏರ್ಪಡಿಸಿದರು. ಅದು ಬರಿಯ ಕಾಗದ ಒಯ್ಯುವ ವ್ಯವಸ್ಥೆಯಾಗಿರಲಿಲ್ಲ. ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತರು, ಅವರ ಕೈಕೆಳಗಿನವರು ಬೇಹುಗಾರರೇ ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಸೀಮೆಸೀಮೆಯ ಗುಟ್ಟು ಪಟ್ಟಣಕ್ಕೆ ತಪ್ಪದೆ ತಲಪುತ್ತಿತ್ತು. ಇಷ್ಟು ಎಚ್ಚರದ ದೊರೆಯ ಮಗನೋ ಹುಟ್ಟು ಮೂಕ. ಜನ ಅವನನ್ನು ಮೂಕರಸು ಎಂದೇ ಕರೆದರು. ಅರಸು ಮಾತಾಡದ ಕಡೆ ಅವನ ಪರವಾಗಿ ಮಾತಾಡುವವರು ಹುಟ್ಟಿಕೊಳ್ಳುತ್ತಾರೆ. ಮುಂದೆ ಬಲವೆಲ್ಲ ಕಳಲೆಯ ದಳವಾಯಿಗಳ ಕೈಸೇರಿತು. ಅವರಿಗೆ ಎದುರಾದ ಚಾಮರಾಜ ಒಡೆಯರನ್ನು 1734ರಲ್ಲಿ ಸಿಂಹಾಸನದಿಂದಿಳಿಸಿ, ಮಳವಳ್ಳಿಯ ಸೀಮೆಯಾಚೆಗಿರುವ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಅರಸು ಆ ಬೆಟ್ಟದಿಂದ ಮರಳಲಿಲ್ಲ.

ದಳವಾಯಿಗಳ ಕೈಯಿಂದ ಅಧಿಕಾರ ಹೈದರಾಲಿಯ ಕೈಗೆ ಬಂತು. ಅರಸನನ್ನು ಇಟ್ಟುಕೊಂಡೇ ಆಳುವುದು ಅವನ ಜಾಣ್ಮೆ. 1770ರಲ್ಲಿ, ಅರಸು ನಂಜರಾಜ ಒಡೆಯರು ಮರಾಠರೊಡನೆ ಗುಟ್ಟಾಗಿ ವ್ಯವಹರಿಸುತ್ತಿದ್ದಾರೆಂಬ ಅನುಮಾನವೇ ಅವರ ಪ್ರಾಣಕ್ಕೆ ಎರವಾಯಿತು. 1776ರಲ್ಲಿ ಮತ್ತೊಬ್ಬ ಅರಸು ಮಕ್ಕಳಿಲ್ಲದೆ ತೀರಿಕೊಂಡಾಗ ನಡೆದುದನ್ನು ವಿಲ್ಕ್ಸ್ ಕಥೆಯಂತೆ ಹೇಳುತ್ತಾನೆ. ಅರಸುಮನೆತನದ ಕವಲುಗಳ ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಸೇರಿಸಿ, ಆಟಿಕೆ, ಹಣ್ಣು, ಆಯುಧಗಳನ್ನು ಹರಡಿದರಂತೆ. ಮಕ್ಕಳು ಕಿತ್ತಾಡಿದರು. ಒಂದು ಕೂಸು ಮಾತ್ರ ಬಲಗೈಯಲ್ಲಿ ಹೊಳೆಯುವ ಪುಟ್ಟ ಕಠಾರಿಯನ್ನೂ ಎಡಗೈಯಲ್ಲಿ ನಿಂಬೆಹಣ್ಣನ್ನೂ ಹಿಡಿಯಿತು. ಅದೇ ಅರಸು ಎಂದು ಹೈದರನು ತೀರ್ಮಾನಿಸಿದ.

ಕೂಸನ್ನು ಆರಿಸುವುದು ಸುಲಭ. ಅದರ ಹಿಂದಿನ ಮನೆತನದ ಆಸೆಯನ್ನು ಆರಿಸುವುದು ಕಷ್ಟ. ಒಡೆಯರ ಪರವಾಗಿ ಮಹಾರಾಣಿ ಲಕ್ಷಮ್ಮಣ್ಣಿಯವರು ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ಗುಟ್ಟಿನ ಮಾತುಕತೆ ನಡೆಸಿದರು. 1782ರ ಅಕ್ಟೋಬರಿನಲ್ಲಿ ತಂಜಾವೂರಿನಲ್ಲಿ ಒಪ್ಪಂದವೂ ಆಯಿತು. ಅದೇ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಪೂರ್ಣಯ್ಯ, ಕೃಷ್ಣರಾಯರು ಸಾವನ್ನು ಮುಚ್ಚಿಟ್ಟು, ಹೆಣವನ್ನು ಖಜಾನೆಯ ಪೆಟ್ಟಿಗೆಯಂತೆ ಸಾಗಿಸಿ, ದೊರೆ ಬದುಕಿದ್ದಾನೆಂಬಂತೆಯೇ ದಿನಚರಿ ನಡೆಸಿದರು. ಹಾಗಿದ್ದೂ ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನಿಗೆ ಪಟ್ಟ ಕಟ್ಟುವ ಒಳಸಂಚು ಪಾಳೆಯದಲ್ಲೇ ಮೊಳೆಯಿತು. ಸಂಚುಗಾರರನ್ನು ಹಿಡಿದದ್ದರಿಂದ ಟಿಪ್ಪುವಿಗೆ ಪಟ್ಟ ಸಿಕ್ಕಿತು.

ಮರುವರ್ಷ ಶ್ರೀರಂಗಪಟ್ಟಣದಲ್ಲೇ ಇನ್ನೊಂದು ಸಂಚು ಬಯಲಾಯಿತು. ಅದರಲ್ಲಿ ಕೇಳಿಬಂದ ಹೆಸರು ಅಂಚೆ ಶಾಮಯ್ಯನದು. ಹೈದರನ ಕಾಲದಲ್ಲಿ ಅಂಚೆಯನ್ನೂ ಬೇಹುಗಾರಿಕೆಯನ್ನೂ ನಡೆಸಿದ್ದವನೇ ಆತ! ರಾಜ್ಯದ ಕಣ್ಣು ಕಿವಿಯಾಗಿದ್ದವನ ಮೇಲೆಯೇ ಅಪವಾದ ಬಂದಾಗ ನಂಬಿಕೆ ಇನ್ನಾರ ಮೇಲೆ ಉಳಿದೀತು? ಅವನಿಗೆ ಕಬ್ಬಿಣದ ಪಂಜರ ಗತಿಯಾಯಿತು. ಎಲ್ಲರನ್ನೂ ಕಾಯಲು ಕಾವಲಿಟ್ಟ ಅರಸು ಕೊನೆಗೆ ಕಾವಲುಗಾರನನ್ನೂ ಕಾಯಬೇಕಾಗುತ್ತದೆ. ಅನುಮಾನಕ್ಕೆ ಕೊನೆಯೆಂಬುದಿಲ್ಲ.

ಇಂಗ್ಲಿಷರು ಈ ವಿದ್ಯೆಯಲ್ಲಿ ಹಿಂದುಳಿಯಲಿಲ್ಲ. 1792ರ ಸಂಧಿಯಲ್ಲಿ ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಗಳ ಜೊತೆಗೆ ಅವರು ಕೇಳಿದ್ದು ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು. ಹತ್ತರ ಆಸುಪಾಸಿನ ಅಬ್ದುಲ್ ಖಾಲಿಕ್, ಅವನಿಗಿಂತ ಕಿರಿಯ ಮುಇಜುದ್ದೀನ್ ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು, ಹಿಂದಿರುಗಿದ್ದು 1794ರಲ್ಲಿ. ಮಕ್ಕಳನ್ನು ಕೈಯಲ್ಲಿಟ್ಟುಕೊಂಡರೆ ತಂದೆಯ ಖಡ್ಗ ಒರೆಯಲ್ಲೇ ಉಳಿಯುತ್ತದೆಂಬುದು ಅವರಿಗೆ ಗೊತ್ತಿತ್ತು.

ಮಳವಳ್ಳಿಗೂ ಈ ಕಥೆಗೂ ಒಂದು ನಂಟಿದೆ. ಯುವರಾಜನಾಗಿದ್ದಾಗ ಟಿಪ್ಪುವಿಗೆ ತಂದೆ ಜಹಗೀರಾಗಿ ಕೊಟ್ಟ ಊರು ಅದು. 1799ರ ಮಾರ್ಚಿನಲ್ಲಿ ಇಂಗ್ಲಿಷ್ ದಂಡಿನ ದಾರಿ ಕಾಯುತ್ತ ಅವನು ಮದ್ದೂರು ಹೊಳೆಯ ಬಳಿ ಬೀಡುಬಿಟ್ಟಿದ್ದ. ದಂಡು ಕಾನಕಾನಹಳ್ಳಿಯ ದಾರಿ ಹಿಡಿಯಿತು. ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಅವನಿಗೆ ಸೋಲಾಯಿತು. ಮುಂದೆ ಶತ್ರು ಹಳೆಯ ದಾರಿಯಲ್ಲೇ ಬರುವನೆಂದು ಅವನು ಎಣಿಸಿದ್ದರೆ, ದಂಡು ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟಿತ್ತು. ಮೇ 4ರಂದು ಕೋಟೆ ಬಿತ್ತು, ಟಿಪ್ಪುವೂ ಬಿದ್ದ. ಅವನ ಮಕ್ಕಳು ವೆಲ್ಲೂರಿಗೆ, 1806ರ ದಂಗೆಯ ನಂತರ ದೂರದ ಕಲ್ಕತ್ತೆಗೆ ಸಾಗಿದರು. ಕಠಾರಿ ಹಿಡಿದಿದ್ದ ಆ ಕೂಸು 1796ರಲ್ಲೇ ತೀರಿಕೊಂಡಿತ್ತು. ಅವರ ಐದು ವರ್ಷದ ಮಗ ಮುಮ್ಮಡಿ ಕೃಷ್ಣರಾಜರಿಗೆ ಜೂನ್ 30ರಂದು ಪಟ್ಟವಾಯಿತು.

ಈ ಆಟದಲ್ಲಿ ಗೆದ್ದವರಾರು, ಸೋತವರಾರು ಎಂಬುದನ್ನು ಪಂಡಿತರು ಚರ್ಚಿಸಲಿ. ನನ್ನ ಕಣ್ಣಿಗೆ ಕಾಣುವುದು ಆ ಮಕ್ಕಳು. ಒಂದನ್ನು ಆಟಿಕೆ ತೋರಿಸಿ ಅರಸು ಮಾಡಿದರು, ಇಬ್ಬರನ್ನು ಸಾಲಕ್ಕೆ ಒತ್ತೆಯಿಟ್ಟರು, ಇನ್ನೊಬ್ಬರನ್ನು ಸಿಂಹಾಸನದ ಮೇಲೆ ಕೂರಿಸಿ ಸಂಧಿಪತ್ರ ಬರೆದರು. ಇವರಲ್ಲಿ ಯಾರೊಬ್ಬರೂ ರಾಜ್ಯ ಬೇಕೆಂದು ಕೇಳಿದವರಲ್ಲ.